ನಿದಾನವೂ ನಿಧಾನವೂ: ಅಪರೂಪದ ಒಂದು ಜ್ವರ ಮತ್ತು ನಮ್ಮ ವೈದ್ಯವಾಙ್ಮಯ

ನಮ್ಮ ಭಾಷೆಯಲ್ಲಿ ಕಿವಿಗೆ ತೀರ ಸಮೀಪವಾಗಿಯೂ ಅರ್ಥದಲ್ಲಿ ಬಹು ದೂರವಾಗಿಯೂ ಇರುವ ಮೂರು ಶಬ್ದಗಳುಂಟು. ನಿದಾನವೆಂದರೆ ರೋಗದ ಮೂಲಕಾರಣ. ಅದರಿಂದಲೇ ರೋಗನಿರ್ಣಯವೆಂಬ ಅರ್ಥವೂ ಬಂದಿತು. ನಿಧಾನವು ಸಂಸ್ಕೃತದಲ್ಲಿ ಹೂಳಿಟ್ಟ ನಿಕ್ಷೇಪವಾಗಿದ್ದು, ಕನ್ನಡಿಗರ ಬಾಯಲ್ಲಿ ತಾಳ್ಮೆಯೂ ಸಾವಕಾಶವೂ ಆಯಿತು. ನಿಧನದ ಅರ್ಥವನ್ನು ಯಾರಿಗೂ ಹೇಳಬೇಕಾಗಿಲ್ಲ. ಒಂದು ಮಹಾಪ್ರಾಣದಿಂದ ನಿದಾನವು ನಿಧಾನವಾಗುವದು; ಒಂದು ದೀರ್ಘವು ಜಾರಿದರೆ ನಿಧಾನವು ನಿಧನವಾಗುವದು. ಇದು ವೈಯಾಕರಣರ ವಿನೋದವೆಂದು ತೋರಬಹುದು. ಆದರೆ ಈ ಮೂರು ಶಬ್ದಗಳ ನಡುವಿನ ಅಂತರವನ್ನು ದಿನದಿನಕ್ಕೂ ಅಳೆಯುತ್ತ ಹಾಸಿಗೆಯಲ್ಲಿ ಮಲಗಿರುವ ರೋಗಿಗಳಿದ್ದಾರೆ. ಅಂಥ ಒಂದು ರೋಗವನ್ನು ಒರೆಗಲ್ಲಾಗಿ ಇಟ್ಟುಕೊಂಡು, ಕನ್ನಡದ ವೈದ್ಯಬರವಣಿಗೆಯು ಎಷ್ಟು ಚಿನ್ನ, ಎಷ್ಟು ಹಿತ್ತಾಳೆ ಎಂಬದನ್ನು ಪರೀಕ್ಷಿಸುವದೇ ಈ ಲೇಖನದ ಉದ್ದೇಶವು.

ಆ ರೋಗದ ಹೆಸರು ವಯಸ್ಕರ ಸ್ಟಿಲ್ ರೋಗ. ಲಂಡನ್ನಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯರು 1897ರಲ್ಲಿ 22 ಮಕ್ಕಳ ಕೀಲುಬೇನೆಯನ್ನು ವರ್ಣಿಸಿದರು. ಕೀಲುಗಳ ಊತದೊಡನೆ ಕೆಲವರಿಗೆ ಜ್ವರವೂ, ದುಗ್ಧಗ್ರಂಥಿಗಳ ಬಾವೂ, ಗುಲ್ಮದ ಹಿಗ್ಗೂ ಇದ್ದುವು. ಮಕ್ಕಳ ಈ ರೋಗವು ದೊಡ್ಡವರಿಗೂ ಬರುವದೆಂದು ಎರಿಕ್ ಬೈವಾಟರ್ಸರು 14 ಮಂದಿ ವಯಸ್ಕರ ವೃತ್ತಾಂತದೊಡನೆ ಸ್ಪಷ್ಟಪಡಿಸಿದ್ದು 1971ರಲ್ಲಿ. ಎರಡು ಬರಹಗಳ ನಡುವೆ 74 ವರ್ಷಗಳು! ರೋಗವು ಆ ಮಧ್ಯಕಾಲದಲ್ಲಿ ಸುಮ್ಮನಿರಲಿಲ್ಲ. ಅದಕ್ಕೆ ಹೆಸರು ಮಾತ್ರ ಇರಲಿಲ್ಲ. ಹೆಸರಿಲ್ಲದ ರೋಗದಿಂದ ನರಳುವವನು ಪರರ ಕಣ್ಣಿಗೆ ರೋಗಿಯೇ ಅಲ್ಲ, ದುರ್ಬಲನು ಅಥವಾ ದುರ್ದೈವಿಯು. ಸಾಹಿತ್ಯಕ್ಕೂ ವೈದ್ಯಕ್ಕೂ ಇರುವ ಮೊದಲನೆಯ ನಂಟು ಇಲ್ಲಿಯೇ ಇದೆ. ನಾಮಕರಣವು ಎರಡಕ್ಕೂ ಮೊದಲ ಸಂಸ್ಕಾರವು.

ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವೆವು. ರಾಣೇಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಯನ್ನೋ, ಹಾವೇರಿಯ ಒಬ್ಬ ಶಿಕ್ಷಕಿಯನ್ನೋ ವಾಚಕರು ಊಹಿಸಿಕೊಳ್ಳಲಿ. ಮೊದಲು ಗಂಟಲು ನೋವು. ಬಳಿಕ ಸಂಜೆಯಾಗುತ್ತಲೇ ಚಳಿ, ಅದರ ಬೆನ್ನಿಗೇ 102 ಡಿಗ್ರಿ ಫ್ಯಾರನ್‌ಹೀಟನ್ನು ಮೀರುವ ಜ್ವರ. ಬೆಳಗಾಗುವಷ್ಟರಲ್ಲಿ ಬೆವರಿ ಇಳಿದು ಮೈ ತಣ್ಣಗೆ. ಕೆಲವರಿಗೆ ದಿನಕ್ಕೊಮ್ಮೆ, ಕೆಲವರಿಗೆ ಎರಡು ಸಲ. ಜ್ವರವೇರಿದಾಗ ಎದೆ, ಬೆನ್ನು, ತೋಳು, ತೊಡೆಗಳ ಮೇಲೆ ನಸುಗೆಂಪು ದದ್ದು; ಜ್ವರವಿಳಿದಾಗ ಅದೂ ಮಾಯ. ಮಣಿಕಟ್ಟು, ಮೊಣಕಾಲು, ಹರಡುಗಳಲ್ಲಿ ನೋವು. ಹೀಗೆ ವಾರ ಕಳೆಯುವದು, ಎರಡು ವಾರ ಕಳೆಯುವದು. ಟೈಫಾಯ್ಡೆಂದು ಒಂದು ಸರತಿ ಔಷಧ, ಮಲೇರಿಯಾ ಎಂದು ಇನ್ನೊಂದು ಸರತಿ, ಕೊನೆಗೆ ಕ್ಷಯವಿರಬಹುದೆಂಬ ಶಂಕೆ. ಬೆಳಿಗ್ಗೆ ದವಾಖಾನೆಗೆ ಹೋದರೆ ಜ್ವರವೂ ಇಲ್ಲ, ದದ್ದೂ ಇಲ್ಲ. ಸಾಕ್ಷಿಯೇ ಇಲ್ಲದ ದಾವೆಯಂತೆ ರೋಗಿಯ ಮಾತು ನಿಲ್ಲುವದು.

ಜಪಾನ್ ಮತ್ತು ಫ್ರಾನ್ಸ್ ದೇಶಗಳ ಗಣನೆಯಂತೆ ಈ ರೋಗವು ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಬರುವದು. ನಮ್ಮ ಹಾವೇರಿ ಜಿಲ್ಲೆಯ ಜನಸಂಖ್ಯೆಯು 2011ರ ಖಾನೇಷುಮಾರಿಯಂತೆ ಸುಮಾರು 16 ಲಕ್ಷ. ಅದೇ ಪ್ರಮಾಣವನ್ನು ಇಲ್ಲಿಗೆ ಹಚ್ಚಿದರೆ ವರ್ಷಕ್ಕೆ ಬೆರಳೆಣಿಕೆಯ ಜನ. ಇಷ್ಟು ಕೆಲವರಿಗಾಗಿ ಸಾಹಿತ್ಯಪತ್ರಿಕೆಯ ಪುಟಗಳೇಕೆ ಎಂದು ಕೇಳುವವರಿಗೆ ಉತ್ತರವಿದೆ. ಸಾಮಾನ್ಯ ರೋಗವನ್ನು ಭಾಷೆಯ ನೆರವಿಲ್ಲದೆಯೂ ಗುರುತಿಸಬಹುದು. ನೆರೆಮನೆಯವರಿಗೂ ಅದು ಬಂದಿರುತ್ತದೆ. ಅಪರೂಪದ ರೋಗಕ್ಕೆ ನೆರೆಮನೆಯ ದೃಷ್ಟಾಂತವಿಲ್ಲ, ಶಬ್ದವೊಂದೇ ಆಧಾರ. ಆದುದರಿಂದ ಭಾಷೆಯ ಶಕ್ತಿಯನ್ನೂ ಅಶಕ್ತಿಯನ್ನೂ ಅದು ತೋರುವಷ್ಟು ಬೇರೊಂದು ತೋರಲಾರದು.

ಈಗ ಶಬ್ದಗಳ ವಿಚಾರ. ಈ ರೋಗದ ಕುಲಕ್ಕೆ ಇಂಗ್ಲಿಷಿನಲ್ಲಿ ಆಟೋ-ಇನ್‌ಫ್ಲಮೇಟರಿ ಎಂಬ ಹೆಸರು 1999ರಲ್ಲಿ ಹುಟ್ಟಿತು. ಕನ್ನಡದಲ್ಲಿ ಅದನ್ನು ‘ಸ್ವಯಂ ಉರಿಯೂತ’ ಎನ್ನುವ ರೂಢಿಯಿದೆ. ಎರಡು ಪದಗಳನ್ನೂ ಬೇರೆಬೇರೆಯಾಗಿ ತೂಗಿ ನೋಡುವದು ನ್ಯಾಯವು.

‘ಉರಿಯೂತ’ವು ನಮ್ಮ ಪಾರಿಭಾಷಿಕ ಪದಗಳಲ್ಲಿ ಅತ್ಯುತ್ತಮವಾದವುಗಳಲ್ಲೊಂದೆಂದು ನಮ್ಮ ಮತ. ರೋಮಿನ ಸೆಲ್ಸಸನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪು, ಊತ, ಬಿಸಿ, ನೋವು. ಕನ್ನಡ ಪದವು ಉರಿಯೆಂಬ ಒಂದೇ ಮಾತಿನಲ್ಲಿ ಬಿಸಿಯನ್ನೂ ನೋವನ್ನೂ ಹಿಡಿದು, ಅದಕ್ಕೆ ಊತವನ್ನು ಸೇರಿಸಿತು. ಬಿಟ್ಟದ್ದು ಕೆಂಪೊಂದನ್ನೇ. ವಿದೇಶದ ಪದವು ಬೆಂಕಿಯನ್ನಷ್ಟೇ ಹೇಳುವಾಗ ನಮ್ಮದು ಬೆಂಕಿಯನ್ನೂ ಬಾವನ್ನೂ ಕೂಡಿಯೇ ಹೇಳುವದು. ಅಜ್ಜಿಯೂ ಅರಿಯಬಲ್ಲಳು, ಪಂಡಿತನೂ ಒಪ್ಪಬಲ್ಲನು. ಪಾರಿಭಾಷಿಕ ಪದಕ್ಕೆ ಇದಕ್ಕಿಂತ ಹೆಚ್ಚಿನ ಗುಣವಿಲ್ಲ.

‘ಸ್ವಯಂ’ ಎಂಬದರ ವಿಷಯದಲ್ಲಿ ಹಾಗೆ ಹೇಳಲಾರೆವು. ಸ್ವಯಂವರ, ಸ್ವಯಂಪಾಕ, ಸ್ವಯಂಸೇವಕ ಈ ಪದಗಳಲ್ಲೆಲ್ಲ ಮನುಷ್ಯನು ಬುದ್ಧಿಪೂರ್ವಕವಾಗಿ ತಾನೇ ಮಾಡಿಕೊಂಡದ್ದು ಎಂಬ ಧ್ವನಿಯಿದೆ. ಆ ಧ್ವನಿಯು ರೋಗದ ಹೆಸರಿಗೆ ಅಂಟಿದೊಡನೆ ರೋಗಿಯು ಅಪರಾಧಿಯಾಗುವನು. ಹಾಗಾದರೆ ಅಚ್ಚಗನ್ನಡದ ಮಾತನ್ನು ಹುಡುಕೋಣವೆಂದರೆ ಅಲ್ಲಿಯೂ ತೊಡಕು. ಒಳಗಿನ ಬೆಂಕಿಗೆ ನಮ್ಮಲ್ಲಿ ಮಾತುಗಳು ಬೇಕಾದಷ್ಟಿವೆ. ಆದರೆ ಅವೆಲ್ಲ ಈಗಾಗಲೇ ನೀತಿಶಾಸ್ತ್ರದ ವಶವಾಗಿವೆ. ಹೊಟ್ಟೆಕಿಚ್ಚು ಎಂದರೆ ಮತ್ಸರ. ಒಡಲುರಿ ಎಂದರೆ ಸಂಕಟ. ಬೇಗುದಿ ಎಂದರೆ ಮನಸ್ಸಿನ ತಾಪ. ಒಳಗೆ ಉರಿಯುವವನು ಏನನ್ನೋ ಮುಚ್ಚಿಟ್ಟವನು ಎಂದು ನಮ್ಮ ಭಾಷೆಯೇ ತೀರ್ಪು ಕೊಟ್ಟುಬಿಟ್ಟಿದೆ. ತಿಂಗಳುಗಟ್ಟಲೆ ಸಂಜೆಯ ಜ್ವರದಿಂದ ಬೇಯುವ ಸೊಸೆಗೆ ‘ಮನಸ್ಸಿಗೆ ಏನೋ ಹಚ್ಚಿಕೊಂಡಿದ್ದಾಳೆ’ ಎನ್ನುವ ಮನೆಗಳು ಇಲ್ಲದಿಲ್ಲ. ಅಂಥ ಮಾತು ನಾಲಗೆಯ ದೋಷವಷ್ಟೇ ಅಲ್ಲ, ನಿಘಂಟಿನ ದೋಷವೂ ಹೌದು. ‘ತಾನಾಗಿ ಏಳುವ ಉರಿಯೂತ’ ಎಂದರೆ ಪದವು ಉದ್ದವಾಗುವದು ನಿಜ. ಆದರೆ ಮಳೆ ತಾನಾಗಿ ಬರುವಂತೆ, ಕಾಳ್ಗಿಚ್ಚು ತಾನಾಗಿ ಏಳುವಂತೆ, ಯಾರ ತಪ್ಪೂ ಇಲ್ಲದ್ದು ಎಂಬ ಅರ್ಥವು ಅದರಲ್ಲಿ ಉಳಿಯುವದು. ನಾಲ್ಕು ಅಕ್ಷರಗಳ ಉಳಿತಾಯಕ್ಕಿಂತ ರೋಗಿಯ ಮಾನದ ಉಳಿತಾಯವು ದೊಡ್ಡದು.

ಇದೇ ಪ್ರಸಂಗದಲ್ಲಿ ಇನ್ನೊಂದು ಗೊಂದಲವನ್ನೂ ನಿವಾರಿಸಬೇಕು. ಸ್ವಯಂಪ್ರತಿರಕ್ಷಾ ರೋಗಗಳೆಂಬ ಬೇರೊಂದು ಕುಲವಿದೆ. ಎರಡನ್ನೂ ಒಂದೇ ಎಂದು ಬರೆಯುವವರುಂಟು. ದೇಹದ ರಕ್ಷಣೆಯಲ್ಲಿ ಎರಡು ದಳಗಳಿವೆ. ಒಂದು ಹುಟ್ಟಿನಿಂದಲೇ ಇರುವ ಕಾವಲು. ಹೊಸಬನ ನೆರಳು ಕಂಡೊಡನೆ ಬೊಬ್ಬೆ ಹಾಕುವ ಊರ ತಳವಾರನಂತೆ. ಇನ್ನೊಂದು ಅನುಭವದಿಂದ ಕಲಿತು ಶತ್ರುವಿನ ಗುರುತನ್ನು ದಫ್ತರದಲ್ಲಿ ಬರೆದಿಡುವ ಕಚೇರಿಯಂತೆ. ಕಚೇರಿಯು ಸ್ವಂತ ಮನೆಯವರ ಹೆಸರಿಗೇ ವಾರಂಟು ಹೊರಡಿಸಿದರೆ ಅದು ಸ್ವಯಂಪ್ರತಿರಕ್ಷಾ ರೋಗ. ರಕ್ತದಲ್ಲಿ ಆ ವಾರಂಟಿನ ಪ್ರತಿಗಳು, ಎಂದರೆ ಪ್ರತಿಕಾಯಗಳು, ಹಲವು ವೇಳೆ ಸಿಕ್ಕುವವು. ಸ್ಟಿಲ್ ರೋಗದಲ್ಲಿ ಮುಖ್ಯವಾಗಿ ಕೆಡುವವನು ತಳವಾರನು. ಕಳ್ಳನಿಲ್ಲದೆಯೇ ಅವನು ಊರನ್ನೆಲ್ಲ ಎಬ್ಬಿಸುವನು. ಇಂಟರ್‌ಲ್ಯೂಕಿನ್-1, 6, 18 ಎಂಬ ರಾಸಾಯನಿಕ ದೂತರೇ ಆ ಕೂಗು. ಆದುದರಿಂದಲೇ ವಾತರೋಗದ ಸಾಮಾನ್ಯ ಪರೀಕ್ಷೆಗಳು ಇಲ್ಲಿ ಬರಿದಾಗಿ ಬರುವವು. ಪರೀಕ್ಷೆಯು ಬರಿದಾದರೆ ‘ಏನೂ ಇಲ್ಲ’ ಎಂದರ್ಥವಲ್ಲ. ಈ ರೋಗದಲ್ಲಿ ಆ ಬರಿದೇ ಒಂದು ಸುಳಿವು.

ಅನುವಾದದ ದಾಸ್ಯಕ್ಕೆ ಇನ್ನೊಂದು ಉದಾಹರಣೆ. ಈ ರೋಗದ ದದ್ದನ್ನು ಪಾಶ್ಚಾತ್ಯ ಗ್ರಂಥಗಳು ಸಾಮನ್ ಮೀನಿನ ಬಣ್ಣದ್ದೆಂದು ವರ್ಣಿಸುವವು. ಅದನ್ನೇ ಕನ್ನಡಕ್ಕೆ ಇಳಿಸಿದರೆ ಹಾವೇರಿಯ ಯಾವ ಗೃಹಿಣಿಗೆ ಏನು ತಿಳಿಯುವದು? ಆ ಮೀನನ್ನು ಕಂಡವರೇ ಇಲ್ಲಿ ವಿರಳ. ಅದಕ್ಕಿಂತ ಮುಖ್ಯವಾದ ದೋಷವು ಬೇರೆಯಿದೆ. ಆ ವರ್ಣನೆಯು ಬಿಳಿಯ ಚರ್ಮದ ಮೇಲೆ ಕಂಡ ಬಣ್ಣದ್ದು. ನಮ್ಮ ಕಂದು ಮೈಬಣ್ಣದ ಮೇಲೆ ಅದು ಮಸುಕಾಗಿಯೋ ನಸುಗಪ್ಪಾಗಿಯೋ ತೋರಬಹುದು, ಕಣ್ಣಿಗೆ ತಪ್ಪಿಯೂ ಹೋಗಬಹುದು. ಬ್ಯಾಡಗಿಯವರಿಗೆ ನಾವು ಇಷ್ಟೇ ಹೇಳುವೆವು: ಬಣ್ಣ ಬಹಳ, ಖಾರ ಕಡಿಮೆ ಎಂಬದೇ ನಿಮ್ಮೂರ ಮೆಣಸಿನಕಾಯಿಯ ಕೀರ್ತಿಯಲ್ಲವೆ? ಈ ದದ್ದಿನ ಗುಣವೂ ಹೆಚ್ಚು ಕಡಿಮೆ ಹಾಗೆಯೇ. ಬಣ್ಣವುಂಟು, ಸಾಮಾನ್ಯವಾಗಿ ತುರಿಯಿಲ್ಲ. ತುರಿಸದ ಕಾರಣ ರೋಗಿಯೂ ಅದನ್ನು ಲಕ್ಷಿಸುವದಿಲ್ಲ. ಉಪಮೆಯು ನೆಲದಿಂದ ಹುಟ್ಟಿದರೆ ಅದು ಅಲಂಕಾರ ಮಾತ್ರವಲ್ಲ, ಉಪಕಾರವೂ ಆಗುವದು.

ಇನ್ನು ರೋಗನಿರ್ಣಯದ ಸೂತ್ರಗಳು. ಜಪಾನಿನ ಯಾಮಾಗುಚಿ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಸೂತ್ರಗಳನ್ನು ಒಂದು ಗದ್ಯಕೃತಿಯಂತೆ ಓದಿದರೂ ಅದರ ಬಿಗುಪು ಮೆಚ್ಚುವಂಥದು. ಪ್ರಧಾನ ಲಕ್ಷಣಗಳು ನಾಲ್ಕು: 39 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೆ ಮೇಲ್ಪಟ್ಟು ವಾರವಾದರೂ ಇರುವ ಜ್ವರ, ಎರಡು ವಾರಗಳ ಕೀಲುನೋವು, ಆ ವಿಶಿಷ್ಟವಾದ ದದ್ದು, ಬಿಳಿಯ ರಕ್ತಕಣಗಳ ವೃದ್ಧಿ. ಗೌಣ ಲಕ್ಷಣಗಳೂ ನಾಲ್ಕು: ಗಂಟಲುನೋವು, ದುಗ್ಧಗ್ರಂಥಿಗಳ ಅಥವಾ ಗುಲ್ಮದ ಹಿಗ್ಗು, ಯಕೃತ್ತಿನ ಪರೀಕ್ಷೆಗಳಲ್ಲಿ ವ್ಯತ್ಯಾಸ, ವಾತರೋಗದ ಪ್ರತಿಕಾಯಗಳ ಅಭಾವ. ಎಂಟರಲ್ಲಿ ಐದಾದರೂ ಇರಬೇಕು. ಆ ಐದರಲ್ಲಿ ಎರಡಾದರೂ ಪ್ರಧಾನವಾಗಿರಬೇಕು. ಇಷ್ಟಕ್ಕೆ ಮುಗಿಯಿತೆಂದು ಪುಟ ಮಗುಚುವವನು ಕೃತಿಯ ಪ್ರಾಣವನ್ನೇ ಬಿಟ್ಟಂತೆ. ಸೋಂಕುಗಳು, ಅರ್ಬುದಗಳು, ಇತರ ವಾತರೋಗಗಳು ಇವೆಲ್ಲ ಇಲ್ಲವೆಂದು ಮೊದಲು ಸಿದ್ಧವಾಗಬೇಕೆಂಬ ಕೊನೆಯ ವಾಕ್ಯವೇ ಅದರ ಪ್ರಾಣವು. ನಮ್ಮ ಸೀಮೆಯಲ್ಲಿ ಆ ವಾಕ್ಯದ ಭಾರವು ಇನ್ನೂ ಹೆಚ್ಚು. ಕ್ಷಯ, ಟೈಫಾಯ್ಡು, ಮಲೇರಿಯಾ, ಡೆಂಗಿ, ಹೃದಯದ ಕವಾಟಗಳ ಸೋಂಕು, ದನಕರುಗಳಿಂದ ತಗಲುವ ಬ್ರುಸೆಲ್ಲಾ ಜ್ವರ, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಅರ್ಬುದ, ಇವೆಲ್ಲ ಇದೇ ವೇಷದಲ್ಲಿ ಬರಬಲ್ಲವು.

ಈ ಕ್ರಮವು ಸಾಹಿತ್ಯಾಭ್ಯಾಸಿಗಳಿಗೆ ಅಪರಿಚಿತವಲ್ಲ. ನಮ್ಮ ಜಿಲ್ಲೆಯ ಅಬಲೂರು–ಮಾಸೂರುಗಳ ಹೆಸರಿನೊಡನೆ ಬೆಸೆದುಕೊಂಡ ಸರ್ವಜ್ಞನ ತ್ರಿಪದಿಗಳನ್ನು ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅಂಥ ಸಂಪಾದಕನ ಮುಂದಿರುವ ಪ್ರಶ್ನೆ ಯಾವದು? ಕೊನೆಯಲ್ಲಿ ‘ಸರ್ವಜ್ಞ’ ಎಂದಿದ್ದ ಮಾತ್ರಕ್ಕೆ ಪದ್ಯವು ಸರ್ವಜ್ಞನದಾಗುವದಿಲ್ಲ. ಆ ಹೆಸರನ್ನು ಯಾರೂ ಹಚ್ಚಬಹುದು. ಭಾಷೆ, ಛಂದಸ್ಸು, ಭಾವ, ಪಾಠಾಂತರಗಳನ್ನೆಲ್ಲ ನೋಡಿ, ಬೇರೆಯವರದಾಗಿರಲಾರದೆಂದು ತೋರಿದ ಬಳಿಕವೇ ನಿರ್ಣಯ. ಸ್ಟಿಲ್ ರೋಗದಲ್ಲಿ ಅಂಕಿತದ ಸ್ಥಾನದಲ್ಲಿರುವದು ಫೆರಿಟಿನ್ ಎಂಬ ರಕ್ತದ ವಸ್ತು. ಕಬ್ಬಿಣವನ್ನು ಕೂಡಿಡುವ ಈ ಪ್ರೋಟೀನು ಈ ರೋಗದಲ್ಲಿ ಹಲವು ವೇಳೆ ಸಹಜದ ಐದು ಪಟ್ಟು ಮೀರುವದು, ಕೆಲವೊಮ್ಮೆ ಅದಕ್ಕೂ ಎಷ್ಟೋ ಮೇಲೇರುವದು. ಅದನ್ನು ಕಂಡೊಡನೆ ‘ಸಿಕ್ಕಿತು’ ಎನ್ನುವವರುಂಟು. ಆದರೆ ತೀವ್ರ ಸೋಂಕಿನಲ್ಲಿಯೂ, ಯಕೃತ್ತಿನ ರೋಗದಲ್ಲಿಯೂ, ಅರ್ಬುದದಲ್ಲಿಯೂ ಅದೇ ಅಂಕಿತ ಬೀಳಬಹುದು. ಕಾಗಿನೆಲೆಯ ಆದಿಕೇಶವನ ಹೆಸರು ಬಂದ ಪದವೆಲ್ಲ ಕನಕದಾಸರದೆಂದು ಕಣ್ಣುಮುಚ್ಚಿ ಹೇಳುವವನ ವಿಮರ್ಶೆಗೂ, ಫೆರಿಟಿನ್ ಒಂದನ್ನೇ ನಂಬುವವನ ನಿದಾನಕ್ಕೂ ಭೇದವಿಲ್ಲ. ಮೊದಲನೆಯವನ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದೆಂಬದೇ ವ್ಯತ್ಯಾಸವು.

ನಮ್ಮ ಪ್ರಾಚೀನರಲ್ಲಿ ಇದರ ವಿವೇಕವಿತ್ತು. ಮಾಧವಕರನ ನಿದಾನಗ್ರಂಥವು ರೋಗವನ್ನು ತಿಳಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ದಾರಿಗಳನ್ನು ಹೇಳುವದು. ದಿನಕ್ಕೆ ಎರಡು ಸಲ ಏರುವ ಜ್ವರಕ್ಕೆ ಸತತವೆಂದೂ, ಒಮ್ಮೆ ಏರುವದಕ್ಕೆ ಅನ್ಯೇದ್ಯುಷ್ಕವೆಂದೂ ಆಯುರ್ವೇದದಲ್ಲಿ ಹೆಸರುಗಳಿವೆ. ಇದರಿಂದ ಸ್ಟಿಲ್ ರೋಗವು ಅವರಿಗೆ ಗೊತ್ತಿತ್ತೆಂದು ಹೆಮ್ಮೆಪಡುವದು ಸಲ್ಲದು. ಜ್ವರದ ನಡೆಯನ್ನು ಗಮನಿಸುವ ಶಿಸ್ತು ಗೊತ್ತಿತ್ತೆಂಬದಷ್ಟೇ ಸತ್ಯ, ಅಷ್ಟೇ ಸಾಕಷ್ಟು ಹೆಮ್ಮೆಯದೂ ಹೌದು. ಐದರಲ್ಲಿ ಉಪಶಯವೆಂದರೆ ಔಷಧವನ್ನು ಕೊಟ್ಟು, ಅದರ ಫಲದಿಂದ ರೋಗವನ್ನು ಊಹಿಸುವದು. ಇಂದು ಅತಿ ಹೆಚ್ಚು ಅಪಾಯವು ಈ ದಾರಿಯಲ್ಲಿದೆ. ನಿರ್ಣಯಕ್ಕೆ ಮೊದಲೇ ಸ್ಟೆರಾಯ್ಡು ಕೊಟ್ಟರೆ ಸ್ಟಿಲ್ ರೋಗದ ಜ್ವರವೂ ಇಳಿಯುವದು, ಲಿಂಫೋಮಾದ ಜ್ವರವೂ ಇಳಿಯಬಹುದು. ಲಿಂಫೋಮಾವಾದರೆ ಗ್ರಂಥಿಯ ತುಣುಕನ್ನು ತೆಗೆದು ನೋಡುವ ಪರೀಕ್ಷೆಯೂ ಆ ಔಷಧದಿಂದ ಮಸುಕಾಗುವದು. ಕ್ಷಯವಾದರೆ ಬೆಂಕಿಗೆ ಬೂದಿ ಮುಚ್ಚಿದಂತಾಗಿ ಒಳಗೊಳಗೆ ಹಬ್ಬುವದು. ಜ್ವರವಿಳಿಯಿತೆಂದು ಮನೆಯವರು ಹಿಗ್ಗುವ ಹೊತ್ತಿನಲ್ಲಿ ನಿದಾನದ ದಾರಿಯೇ ಮುಚ್ಚಿಹೋಗಿರಬಹುದು. ಇಲ್ಲಿ ನಿಧಾನವೇ ನಿದಾನಕ್ಕೆ ಕಾವಲು.

ಆದರೆ ನಿಧಾನಕ್ಕೂ ಒಂದು ಮಿತಿಯುಂಟು. ರೋಗವು ನಿಶ್ಚಯವಾದ ಮೇಲೆ ಚಿಕಿತ್ಸೆಯು ತಡೆಯಬಾರದು. ಸೌಮ್ಯವಾದುದಕ್ಕೆ ನೋವು–ಊತಗಳನ್ನಿಳಿಸುವ ಸಾಮಾನ್ಯ ಔಷಧಗಳು, ಬಲವಾದುದಕ್ಕೆ ಸ್ಟೆರಾಯ್ಡು, ಸ್ಟೆರಾಯ್ಡಿನ ಪ್ರಮಾಣವನ್ನು ತಗ್ಗಿಸಲು ಮೆಥೊಟ್ರೆಕ್ಸೇಟು. ಇತ್ತೀಚಿನ ವರ್ಷಗಳಲ್ಲಿ ಆ ತಳವಾರನ ಕೂಗನ್ನೇ ತಡೆಯುವ ಔಷಧಗಳು ಬಂದಿವೆ: ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಾಕಿನ್ರಾ, ಕೆನಕಿನುಮ್ಯಾಬ್, 6ನ್ನು ತಡೆಯುವ ಟೋಸಿಲಿಝುಮ್ಯಾಬ್. ಮಕ್ಕಳ ರೋಗವೂ ವಯಸ್ಕರ ರೋಗವೂ ಒಂದೇ ಎಂದೂ, ಈ ಹೊಸ ಔಷಧಗಳನ್ನು ಬೇಗನೆ ಆರಂಭಿಸಿ ಸ್ಟೆರಾಯ್ಡಿನ ಹೊರೆಯನ್ನು ತಗ್ಗಿಸಬೇಕೆಂದೂ ಯುರೋಪಿನ ತಜ್ಞರು 2024ರಲ್ಲಿ ಸಲಹೆಯಿತ್ತರು. ಇವುಗಳ ಬೆಲೆಯು ಸಾಮಾನ್ಯ ಸಂಸಾರಕ್ಕೆ ಭಾರವೇ. ಮೊದಲು ಕ್ಷಯ ಮತ್ತು ಕಾಮಾಲೆಯ ಬಿ ವಿಷಾಣುವಿನ ಪರೀಕ್ಷೆಗಳೂ ಅವಶ್ಯ. ಸ್ಟೆರಾಯ್ಡನ್ನು ಗುಣವಾಯಿತೆಂದು ತಾವಾಗಿ ಥಟ್ಟನೆ ನಿಲ್ಲಿಸುವದು ಪ್ರಾಣಾಪಾಯದ ಕೆಲಸವು. ಕೆಲವರಿಗೆ ಈ ರೋಗವು ಒಮ್ಮೆ ಬಂದು ಹೋಗುವದು, ಕೆಲವರಿಗೆ ಮರುಕಳಿಸುವದು, ಕೆಲವರಿಗೆ ಕೀಲುಗಳಲ್ಲಿ ಬೇರೂರುವದು.

ಇದರ ಘೋರವಾದ ತೊಡಕೊಂದಿದೆ. ದೇಹದ ಭಕ್ಷಕಕಣಗಳು ಕೆರಳಿ ಸ್ವಂತ ರಕ್ತಕಣಗಳನ್ನೇ ನುಂಗತೊಡಗುವವು. ಆಗ ಬಂದು ಹೋಗುತ್ತಿದ್ದ ಜ್ವರವು ಇಳಿಯದೆ ನಿಲ್ಲುವದು. ಏರಿದ್ದ ರಕ್ತಕಣಗಳ ಸಂಖ್ಯೆಯು ಇಳಿಯುವದು. ಫೆರಿಟಿನ್ ಬಹಳ ಮೇಲೇರುವದು. ಉರಿಯೂತದ ಅಳತೆಯೆಂದು ಎಲ್ಲರೂ ನಂಬಿದ ಈ.ಎಸ್.ಆರ್. ಕೂಡ ತಗ್ಗುವದು. ಅಂಕಿಗಳನ್ನು ಬಿಡಿಬಿಡಿಯಾಗಿ ಓದುವವನಿಗೆ ರೋಗಿಯು ಸುಧಾರಿಸುತ್ತಿದ್ದಾನೆಂದೇ ತೋರುವದು. ಸಂದರ್ಭವನ್ನು ಬಿಟ್ಟು ಶಬ್ದಕ್ಕೆ ಅರ್ಥ ಹೇಳಬಾರದೆಂಬ ವಿಮರ್ಶೆಯ ನಿಯಮವು ಇಲ್ಲಿ ಪ್ರಾಣದ ನಿಯಮವಾಗುವದು. ಈ ಹಂತದಲ್ಲಿ ತಾಸುಗಳಿಗೂ ಬೆಲೆಯಿದೆ. ದೊಡ್ಡ ಆಸ್ಪತ್ರೆಗೆ ಒಯ್ಯುವದರಲ್ಲಿ ತಡವಾದರೆ ನಾವು ಮೊದಲು ಹೇಳಿದ ಮೂರನೆಯ ಶಬ್ದವೇ ಉತ್ತರವಾಗುವದು.

ಹೀಗಿರಲು ಕನ್ನಡದ ವೈದ್ಯವಾಙ್ಮಯವು ಈ ಬಗೆಯ ರೋಗಕ್ಕೆ ಎಷ್ಟು ಸಿದ್ಧವಾಗಿದೆ? ನಮ್ಮ ಪರಂಪರೆ ಬಡದಲ್ಲ. 12ನೆಯ ಶತಮಾನದಲ್ಲಿಯೇ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ಜಗದ್ದಳ ಸೋಮನಾಥನು ಕನ್ನಡದಲ್ಲಿ ‘ಕಲ್ಯಾಣಕಾರಕ’ವನ್ನೂ ಬರೆದರು; 14ನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು ‘ಖಗೇಂದ್ರಮಣಿದರ್ಪಣ’ದಲ್ಲಿ ಕಾವ್ಯದ ಕಟ್ಟಿಗೆ ತಂದನು. ಸಮೀಪದ ಕಾಲದಲ್ಲಿ ಅನುಪಮಾ ನಿರಂಜನರು ‘ತಾಯಿ–ಮಗು’ವಿನಂಥ ಪುಸ್ತಕಗಳಿಂದ ಮನೆಮನೆಯ ಹೆಣ್ಣುಮಕ್ಕಳಿಗೆ ವೈದ್ಯರೂ ಅಕ್ಕನೂ ಆದರು. ಕಲಬುರಗಿಯ ಡಾ. ಪಿ.ಎಸ್. ಶಂಕರರು ವೈದ್ಯವಿಷಯಗಳನ್ನು ಕನ್ನಡಕ್ಕೆ ತಂದ ದುಡಿಮೆಯು ದೊಡ್ಡದು. ಇವರೆಲ್ಲರ ಸೇವೆಗೆ ತಲೆಬಾಗಿಯೇ ಒಂದು ಕೊರತೆಯನ್ನು ಹೇಳಬೇಕಾಗಿದೆ. ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಇಂದು ಬೆಳೆದಿರುವ ಶೈಲಿಯು ನಿಶ್ಚಯದ ಶೈಲಿಯು: ಲಕ್ಷಣ ಇಂಥದು, ಕಾರಣ ಇಂಥದು, ಮದ್ದು ಇಂಥದು. ಗೊತ್ತಿಲ್ಲದ ಜ್ವರದ ಮುಂದೆ ವೈದ್ಯನು ಹೇಗೆ ವಿಚಾರ ಮಾಡುವನು, ಯಾವದನ್ನು ಮೊದಲು ಕಳೆಯುವನು, ಏಕೆ ಕಾಯುವನು, ಯಾವಾಗ ಕಾಯಲಾರನು ಎಂಬ ಕಥನವು ಅಲ್ಲಿ ವಿರಳ. ಅದರ ಫಲವೇನು? ಮೂರನೆಯ ದಿನವೂ ಹೆಸರು ಹೇಳದ ವೈದ್ಯನನ್ನು ಜನರು ಅಜ್ಞನೆಂದು ಬಿಟ್ಟು, ಮೊದಲ ದಿನವೇ ಹೆಸರು ಹೇಳಿ ಸೂಜಿ ಚುಚ್ಚುವವನ ಕಡೆಗೆ ಹೋಗುವರು. ಸಂದೇಹವನ್ನು ಗೌರವದಿಂದ ಹೇಳಬಲ್ಲ ಗದ್ಯವು ನಮಗೆ ಬೇಕಾಗಿದೆ.

ಆ ಗದ್ಯದ ಒಂದು ಪಾಲನ್ನು ಮನೆಯವರೇ ಬರೆಯಬಲ್ಲರು. ನಮ್ಮ ಜಿಲ್ಲೆಯ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯೂ, ಗಳಗನಾಥರ ಕಾದಂಬರಿಗಳೂ ಇಲ್ಲಿಯ ಗೃಹಸ್ಥರಿಗೆ ಓದುವದನ್ನು ಕಲಿಸಿದುವು. ಈಗ ಬರೆದಿಡುವದನ್ನೂ ಕಲಿಯಬೇಕು. ವಾರ ಮೀರಿದ ಜ್ವರಕ್ಕೆ ಒಂದು ವಹಿಯನ್ನು ಇಡಿರಿ. ಎಷ್ಟು ಗಂಟೆಗೆ ಏರಿತು, ಎಷ್ಟು ಡಿಗ್ರಿ, ಎಷ್ಟು ಗಂಟೆಗೆ ಇಳಿಯಿತು, ಯಾವ ಕೀಲು ನೊಂದಿತು, ಏನು ಔಷಧ ಕೊಟ್ಟಿತು ಎಂಬದನ್ನು ತಾರೀಖಿನೊಡನೆ ಬರೆಯಿರಿ. ಸಂಜೆಯ ದದ್ದನ್ನು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಬೆಳಿಗ್ಗೆ ಅದು ಇರುವದಿಲ್ಲ. ಕೊಟ್ಟ ಸೂಜಿಮದ್ದಿನ ಹೆಸರನ್ನು ಕೇಳಿ ಬರೆಯಿಸಿಕೊಳ್ಳಿರಿ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಲಿ, ರಾಣೇಬೆನ್ನೂರಿನಿಂದ ದಾವಣಗೆರೆಗೆ ಹೋಗಲಿ, ಆ ವಹಿಯು ರೋಗಿಯ ಸಂಗಡ ಹೋಗಲಿ. ಅಪರಿಚಿತನಾದ ತಜ್ಞನಿಗೆ ಹತ್ತು ದಿನಗಳ ಪರಿಶ್ರಮವನ್ನು ಅದು ಹತ್ತು ನಿಮಿಷಕ್ಕೆ ಇಳಿಸಬಹುದು.

ಅಲಂಕಾರವಿಲ್ಲದ, ಉತ್ಪ್ರೇಕ್ಷೆಯಿಲ್ಲದ, ಕಂಡದ್ದನ್ನು ಕಂಡಂತೆ ಹೇಳುವ ಆ ನಾಲ್ಕು ಪುಟಗಳನ್ನು ಉತ್ತಮ ಗದ್ಯವೆಂದು ಕರೆಯಲು ನಮಗೆ ಸಂಕೋಚವಿಲ್ಲ. ಅಂಥ ಬರವಣಿಗೆಯು ನಮ್ಮ ಮನೆಗಳಲ್ಲಿ ಬೆಳೆಯಲಿ. ನಮ್ಮ ಲೇಖಕರು ಅದಕ್ಕೆ ತಕ್ಕ ಶಬ್ದಗಳನ್ನು ಒದಗಿಸಲಿ. ನಿಧಾನವು ನಿದಾನಕ್ಕೆ ನೆರವಾಗಲಿ, ಮೂರನೆಯ ಶಬ್ದಕ್ಕೆ ದಾರಿಯಾಗದಿರಲಿ.